ಚೀಟಿ ಕೊಡೋ ದೊರಿ

"ಹಿಂದ ಕಟ್ಟಿದ ಫೀದ ಏಳು ದಿನದ ಮುದತ್ತು ನಿನ್ನೆ ಮುಗೀತ್ರಿ, ಮತ್ತ ಫೀ ಕಟ್ರಿ." ಅಂತಾರ ದವಾಖಾನಿ ಕೌಂಟರಿನ್ಯಾಗ ಚೀಟಿ ಕೊಡೋ ದೊರಿ. ನಿನ್ನೆ ದವಾಖಾನಿ ಯಾಕ ಬಂದ್ ಇತ್ತು? ಡಾಕ್ಟರು ಊರಾಗಿರಲಿಲ್ಲ! ಅವರ ರಜಾಕ್ಕ ನಮ್ಮ ಕಿಸೆದಿಂದ ದಂಡ? ಸಾಕಾತ್ರಿ.

ವಿಜಯಪುರದಾಗ ದವಾಖಾನಿಗೆ ಫೋನ್ ಹಚ್ಚಿದ್ರ ಬಿಜಿ. ಹತ್ತಿದಾಗ "ನಂಬರ್ ಮುಗದಾವ". ಖುದ್ದ ಹೋದ್ರ "ಫೋನ್ ಮಾಡಿ ಬರಬೇಕಿತ್ತು".

ಸಕ್ಕರಿ ಕಾಯಿಲೆಯವರ ಪಾಡಂತೂ ಕೇಳಬ್ಯಾಡ್ರಿ. ಫಾಸ್ಟಿಂಗ್ ಟೆಸ್ಟಿಗೆ 8 ತಾಸು ಉಪವಾಸ. ಇಂಡಿಯಿಂದ ಮೊದಲ ಬಸ್ಸಿಗೆ ಖಾಲಿ ಹೊಟ್ಟಿಲೆ ಬಂದ ಮುದುಕಿಗೆ ಲ್ಯಾಬಿಗೆ ಹೋಗಾಕ ಚೀಟಿ ಬೇಕು. ಚೀಟಿ ಬರಿಯೋರು ಬರೂದು 10ಕ್ಕ. ಬಂದು ಊದಿನಕಡ್ಡಿ ಬೆಳಗಿ, ಚಾ ಕುಡದು, ಆಮ್ಯಾಲ ಪೆನ್ ಹುಡುಕತಾರ. ರಕ್ತ ಕೊಟ್ಟು, ನಾಷ್ಟಾ ಮಾಡಿ, ಮೊದಲ ತುತ್ತಿನಿಂದ 2 ತಾಸು ಎಣಿಸಿ ಮತ್ತ ರಕ್ತ ಕೊಟ್ಟು ರಿಪೋರ್ಟ್ ತರೂದ್ರಾಗ ಡಾಕ್ಟರು ಊಟಕ್ಕ ಎದ್ದಿರತಾರ. "ಸಂಜಿಕ ಬರ್ರಿ." ಮುದುಕಿ ಇಂಡಿಗೆ ಹೋಗಿ ಬರಬೇಕೇನು? ಔಷಧಿ ಕಂಪನಿ ಮೆಡಿಕಲ್ ರೆಪ್ ಮಾತ್ರ ಯಾವ ನಂಬರೂ ಇಲ್ಲದ ಸರ್ರನ ಒಳಗ!

ಗೋಳಗುಮ್ಮಟದಾಗ ಒಮ್ಮಿ ಕೂಗಿದ್ರ ಏಳು ಸಲ ಉತ್ತರ ಬರತೈತಿ. ಇಲ್ಲಿ ಏಳು ಸಲ ಕೇಳಿದ್ರೂ ದೊರಿ ಕಣ್ಣು ಮೊಬೈಲ್ ಬಿಟ್ಟು ಏಳೂದಿಲ್ಲ. ಎದ್ದರ ಒಂದ ಮಾತು: "ಚಿಲ್ಲರ ಐತೇನ್ರಿ?"