ಇಲ್ಲಿ ಬೇಡ, ಆ ಕಡೆ ಹೋಗೋಣ

ಮೀನು ಸಿಗದಿದ್ದರೆ ನನಗೇನೂ ಬೇಜಾರಿಲ್ಲ. ಆದರೆ ಮೀನು ಕಚ್ಚತೊಡಗಿದ ಗಳಿಗೆ ನೋಡಿಕೊಂಡೇ ದೋಣಿಯ ಎಂಜಿನ್ ಶುರು ಮಾಡುವವರಿದ್ದಾರಲ್ಲ, ಅಂಥವರ ಜೊತೆ ಶನಿವಾರವಿಡೀ ಒಂದೇ ದೋಣಿಯಲ್ಲಿ ಕೂತು ಬಂದಿದ್ದೇನೆ. ಆ ಉರಿ ಇನ್ನೂ ಇಳಿದಿಲ್ಲ.

ಅವರು ನಮ್ಮ ಭಾವ, ಅಕ್ಕನ ಗಂಡ. ಅವರ ಮನೆ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ, ನಾನಿರುವುದು ಕ್ಲೀವ್‌ಲ್ಯಾಂಡ್ ಹತ್ತಿರ. ನಡುವೆ ಸಿಗುವುದು ಪೈಮಟೂನಿಂಗ್ ಜಲಾಶಯ. 1934ರಲ್ಲಿ ಅಣೆಕಟ್ಟು ಮುಗಿದು ಶೆನಾಂಗೋ ನದಿ ಅಲ್ಲಿ ಹರಡಿಕೊಂಡಿತು. ಪೆನ್ಸಿಲ್ವೇನಿಯಾ ಮತ್ತು ಒಹಾಯೋ ರಾಜ್ಯಗಳ ಗಡಿ ಈ ನೀರಿನ ಮಧ್ಯೆಯೇ ಹಾದುಹೋಗುತ್ತದೆ. ದೋಣಿಯಲ್ಲಿದ್ದರೆ ಎರಡರಲ್ಲಿ ಯಾವ ರಾಜ್ಯದ ಲೈಸೆನ್ಸ್ ಇದ್ದರೂ ಸಾಕು, ದಡದಲ್ಲಿ ನಿಂತು ಗಾಳ ಹಾಕಲು ಮಾತ್ರ ಆಯಾ ರಾಜ್ಯದ್ದೇ ಬೇಕು. ಈ ಸೌಲಭ್ಯವನ್ನು ನಮ್ಮ ಭಾವನಷ್ಟು ಬಳಸಿಕೊಂಡವರು ಇನ್ನೊಬ್ಬರಿರಲಾರರು. ಬೆಳಗ್ಗೆ ಪೆನ್ಸಿಲ್ವೇನಿಯಾ, ಕಾಫಿ ಹೊತ್ತಿಗೆ ಒಹಾಯೋ, ಚಿತ್ರಾನ್ನದ ಡಬ್ಬಿ ತೆರೆಯುವಾಗ ಮತ್ತೆ ಪೆನ್ಸಿಲ್ವೇನಿಯಾ. ಎರಡೂ ರಾಜ್ಯಗಳ ಮೀನುಗಳನ್ನು ಅವರು ಸಮಾನವಾಗಿ ಹಿಡಿಯದೆ ಬಿಟ್ಟರು.

ಜಾಗ ಬದಲಿಸುವುದು ಅವರ ಹುಟ್ಟುಗುಣ. ಹೆದ್ದಾರಿಯಲ್ಲಿ ಪಕ್ಕದ ಲೇನ್ ಬೇಗ ಹೋಗುತ್ತಿದೆ ಅಂತ ಅನ್ನಿಸುತ್ತದೆ. ಅಂಗಡಿಯಲ್ಲಿ ಬಿಲ್ ಹಾಕಿಸಲು ಒಂದು ಸಾಲಿನಲ್ಲಿ ನಿಂತು ಇನ್ನೊಂದಕ್ಕೆ ಹಾರುತ್ತಾರೆ. ಹೋಟೆಲಿನಲ್ಲಿ ನೀರು ತಂದಿಟ್ಟ ಮೇಲೆ ಕಿಟಕಿ ಪಕ್ಕದ ಟೇಬಲ್ ಕಣ್ಣಿಗೆ ಬೀಳುತ್ತದೆ. ಹೋದ ವರ್ಷ ಇಂಥ ಮನುಷ್ಯನ ಕೈಗೆ ಸೋನಾರ್ ಸಿಕ್ಕಿತು. ನೀರಿನಡಿಯ ಮೀನುಗಳನ್ನು ಸ್ಕ್ರೀನಿನ ಮೇಲೆ ಪುಟ್ಟ ಕಮಾನುಗಳ ರೂಪದಲ್ಲಿ ತೋರಿಸುವ ಯಂತ್ರ. ಅಲ್ಲಿಂದ ಭಾವ ನೀರನ್ನು ನೋಡಿದ್ದೇ ಇಲ್ಲ.

ನಾವು ಹುಡುಕುವುದು ಎರಡು ಮೀನು: ವಾಲೈ ಮತ್ತು ಪರ್ಚ್. ಎರಡೂ ಒಂದೇ ಕುಟುಂಬದವು, ನಡತೆ ಮಾತ್ರ ತದ್ವಿರುದ್ಧ. ವಾಲೈ ಕಣ್ಣಿನೊಳಗೆ ಹಿಂಬದಿಯಲ್ಲಿ, ಬೆಕ್ಕಿನ ಕಣ್ಣಿನಲ್ಲಿರುವಂತೆ, ಬೆಳಕನ್ನು ಹಿಂದಕ್ಕೆ ಹೊಳೆಯಿಸುವ ಒಂದು ಪದರ ಇದೆ. ಹಾಗಾಗಿ ನಸುಕು, ಮುಸ್ಸಂಜೆ, ಮೋಡದ ದಿನ ಅದರ ಬೇಟೆಯ ಹೊತ್ತು. ಹಳದಿ ಮೈಗೆ ಕಪ್ಪು ಪಟ್ಟೆಯ ಪರ್ಚ್ ಹಗಲಿನ ಗಿರಾಕಿ, ಗುಂಪು ಕಟ್ಟಿಕೊಂಡೇ ಓಡಾಡುತ್ತದೆ. ಒಂದು ಕಚ್ಚಿತೆಂದರೆ ಕೆಳಗೆ ಅದರ ಬಂಧುಬಳಗವೇ ಇದೆಯೆಂದು ಅರ್ಥ. ಆಗ ಸುಮ್ಮನೆ ಕೂರುವುದೊಂದೇ ಕೆಲಸ. ಸುಮ್ಮನೆ ಕೂರುವುದು!

ಹತ್ತು ಗಂಟೆಯ ಬಿಸಿಲಲ್ಲಿ ನನ್ನ ಎರೆಹುಳಕ್ಕೆ ಟಕ್ ಟಕ್ ಅಂತ ಪೆಟ್ಟು ಬಿತ್ತು. ಎಳೆದೆ, ಗೇಣುದ್ದದ ಪರ್ಚ್. ಮತ್ತೆ ದಾರ ಇಳಿಸಿದೆ, ತಳ ಮುಟ್ಟುವುದರೊಳಗೆ ಮತ್ತೆ ಟಕ್. ಅಷ್ಟರಲ್ಲಿ ಬೆನ್ನ ಹಿಂದೆ ಎಂಜಿನ್ ಕೆಮ್ಮಿತು.

“ಭಾವ, ಕಚ್ತಾ ಇದೆ!”

“ಅದು ಚಿಕ್ಕದು ಮಾರಾಯ, ದಾರ ಎತ್ಕೋ. ಅಲ್ಲಿ ನೋಡು, ಎಷ್ಟು ದೊಡ್ಡ ಕಮಾನು! ವಾಲೈಯೇ ಇರ್ಬೇಕು.”

ಈ ಜಲಾಶಯದಲ್ಲಿ 20 ಅಶ್ವಶಕ್ತಿಗಿಂತ ದೊಡ್ಡ ಎಂಜಿನ್ ಓಡಿಸುವಂತಿಲ್ಲ. ಆದ್ದರಿಂದ ನಾವು “ಅಲ್ಲಿಗೆ” ಹೋಗುವುದೆಂದರೆ ಮೀನುಗಳಿಗೆ ಮುಂಚಿತವಾಗಿ ನೋಟಿಸ್ ಕೊಟ್ಟು ಹೋದ ಹಾಗೆ. ತಲುಪಿದಾಗ ಸ್ಕ್ರೀನು ಖಾಲಿ. “ಈಗಷ್ಟೇ ಇತ್ತಲ್ಲ!” ಅಂದರು ಭಾವ, ನಾನೇ ಎತ್ತಿಟ್ಟುಕೊಂಡೆನೋ ಎಂಬಂತೆ ನನ್ನನ್ನೇ ನೋಡುತ್ತಾ.

ಹಿಂದಿರುಗಿ ನೋಡಿದರೆ ನಾವು ಬಿಟ್ಟುಬಂದ ಜಾಗಕ್ಕೆ ಒಂದು ಹಳೆಯ ಅಲ್ಯೂಮಿನಿಯಂ ದೋಣಿ ಬಂದು ಲಂಗರು ಹಾಕಿತ್ತು. ವಯಸ್ಸಾದ ಗಂಡ ಹೆಂಡತಿ. ಯಂತ್ರವೂ ಇಲ್ಲ, ಸ್ಕ್ರೀನೂ ಇಲ್ಲ. ಅಜ್ಜಿ ಎಳೆಯುವುದು, ಅಜ್ಜ ಬಿಡಿಸಿ ಬಕೆಟ್ಟಿಗೆ ಹಾಕುವುದು. ನಾವು ಪಕ್ಕದಲ್ಲಿ ಹಾದಾಗ ಅಜ್ಜಿ ಕೈ ಬೀಸಿ ಬಾಯ್ತುಂಬ “ಥ್ಯಾಂಕ್ಯೂ” ಅಂದರು. ಭಾವನೂ ಖುಷಿಯಿಂದ ಕೈ ಬೀಸಿದರು. “ನೋಡು, ಗುರುತಿಲ್ಲದಿದ್ರೂ ಎಷ್ಟು ಚೆನ್ನಾಗಿ ಮಾತಾಡಿಸ್ತಾರೆ!”

ಅಜ್ಜನ ಬಕೆಟ್ ನೋಡಿದಾಗ ನನಗೆ ಕುಂದಾಪುರದ ನಮ್ಮಜ್ಜ ನೆನಪಾದರು. ಮಳೆಗಾಲ ಮುಗಿಯುತ್ತಿದ್ದಂತೆ ಹೊಳೆಬದಿಯ ತಮ್ಮ ಕಲ್ಲಿನ ಮೇಲೆ ಕೂರುತ್ತಿದ್ದರು. ನಾನು “ಆಚೆ ಹೋಗೋಣ ಅಜ್ಜ” ಅಂದರೆ “ಮೀನಿಗೆ ಕಾಲಿಲ್ಲದಿದ್ರೂ ಅದು ಬರ್ತದೆ, ನೀ ಕೂತ್ಕೋ” ಅನ್ನುತ್ತಿದ್ದರು. ಎಷ್ಟೋ ಸಂಜೆ ಏನೂ ಬರುತ್ತಿರಲಿಲ್ಲ. ಆದರೂ ಅವರ ಪಕ್ಕದಲ್ಲಿ ಕೂತ ಆ ಸಂಜೆಗಳು ಹಾಳಾದವೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಅಜ್ಜ ಇದ್ದಿದ್ದರೆ ಈ ವಾಲೈಯನ್ನು ಒಮ್ಮೆ ತಿನ್ನಿಸಬೇಕಿತ್ತು. ಬಿಳಿ ಮಾಂಸ, ಮುಳ್ಳು ಕಡಿಮೆ. ರವೆ ಹಚ್ಚಿ ಹುರಿದರೆ ನಮ್ಮೂರ ಕಾಣೆ ಮೀನಿಗೆ ಹತ್ತಿರ ಬರುತ್ತದೆ.

ಹುರಿಯಲು ಮೊದಲು ಸಿಗಬೇಕಲ್ಲ. ಮೀನಿನ ಫೋಟೋ ಬರುವವರೆಗೆ ಅಕ್ಕ ಮಸಾಲೆ ಅರೆಯುವುದಿಲ್ಲ. ಅಷ್ಟು ವರ್ಷ ಸಂಸಾರ ಮಾಡಿದ್ದಾಳೆ. ಸಂಜೆ ಕೊನೆಗೂ ಒಂದು ವಾಲೈ ಬಂತು. ಇಟ್ಟುಕೊಳ್ಳಲು ಕನಿಷ್ಠ 15 ಇಂಚು ಇರಬೇಕು. ಅಳತೆಪಟ್ಟಿಯ ಮೇಲೆ ಮಲಗಿಸಿ, ಬಾಲ ಒತ್ತಿ, ಮೂತಿ ನೀವಿ, ಮಡಿಲ ಮಗುವಿನಂತೆ ಮುದ್ದಿಸಿದರೂ ಕಾಲು ಇಂಚು ಕಮ್ಮಿ. ನೀರಿಗೆ ಬಿಟ್ಟೆವು. “ಇಲ್ಲಿ ಬರೀ ಮರಿಗಳು, ಆ ಕಡೆ ಹೋಗೋಣ” ಅಂದರು ಭಾವ.

ವಾಪಸ್ ಬರುವಾಗ ಲೈನ್ಸ್‌ವಿಲ್ ಊರಿನ ಸ್ಪಿಲ್‌ವೇ (ಕೋಡಿ) ಹತ್ತಿರ ನಿಂತೆವು. ಜನ ಬ್ರೆಡ್ ಎಸೆಯುತ್ತಾರೆ. ಕಾರ್ಪ್ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಬಾತುಕೋಳಿಗಳು ಆ ಮೀನುಗಳ ಬೆನ್ನ ಮೇಲೆಯೇ ನಡೆದು ಹೋಗಿ ಬ್ರೆಡ್ ಕಸಿಯುತ್ತವೆ. ನೀರೇ ಕಾಣದಷ್ಟು ಮೀನು. ಭಾವ ಕಟಕಟೆಗೆ ಒರಗಿ ಎರಡು ತುಂಡು ಎಸೆದರು, ಕತ್ತು ಚಾಚಿ ಆಚೆ ನೋಡಿದರು, ಆಮೇಲೆ ನನ್ನ ತೋಳು ಹಿಡಿದರು.

“ಬಾ, ಆ ತುದಿಗೆ ಹೋಗೋಣ. ಅಲ್ಲಿ ಜಾಸ್ತಿ ಇವೆ.”

ನಿನ್ನೆ ಅವರ ಫೋನ್ ಬಂತು. ಹೊಸ ಎಲೆಕ್ಟ್ರಿಕ್ ಮೋಟಾರ್ ತರಿಸಿದ್ದಾರಂತೆ. ಗುಂಡಿ ಒತ್ತಿದರೆ ಜಿಪಿಎಸ್ ನೋಡಿಕೊಂಡು, ಗಾಳಿ ಬೀಸಿದರೂ ದೋಣಿಯನ್ನು ಇದ್ದಲ್ಲೇ ನಿಲ್ಲಿಸುತ್ತದಂತೆ. ನನಗೆ ಜೀವ ಬಂದ ಹಾಗಾಯಿತು. ಹಾಗಾದರೆ ಮುಂದಿನ ಸಲ ಬೆಳಗ್ಗೆಯೇ ಒಂದು ಕಡೆ ಆ ಗುಂಡಿ ಒತ್ತಿಬಿಡೋಣ ಅಂದೆ.

“ಒತ್ತೋಣ ಒತ್ತೋಣ,” ಅಂದರು ಭಾವ, “ಮೊದಲು ಒಳ್ಳೆ ಜಾಗ ಸಿಗ್ಲಿ.”