ಜನರೇಟರಿಗೊಂದು ಜಾಗ

ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಪುಟ್ಟ ಮನೆಯೊಂದನ್ನು ಹೇರಿಕೊಂಡು ತಿರುಗುವ ಏರ್ಪಾಟಿಗೆ ಅಮೆರಿಕದಲ್ಲಿ ಟ್ರಕ್ ಕ್ಯಾಂಪರ್ ಅನ್ನುತ್ತಾರೆ. ಡ್ರೈವರಿನ ನೆತ್ತಿಯ ಮೇಲಕ್ಕೆ ಚಾಚಿಕೊಂಡ ಹಾಸಿಗೆ, ಅದರ ಹಿಂದೆ ಒಲೆ, ಸಿಂಕು, ಫ್ರಿಜ್ಜು, ಊಟದ ಮೇಜು, ಒಳಗೆ ಹೋಗಿ ತಿರುಗಿದರೆ ಮೊಣಕೈ ಗೋಡೆಗೆ ತಾಗುವಂಥ ಬಚ್ಚಲು. ಇದನ್ನು ಮಾಡುವವರು ಅಂಗುಲ ಅಂಗುಲಕ್ಕೂ ತಲೆ ಓಡಿಸಿರುತ್ತಾರೆ. ಮೇಜು ತಗ್ಗಿಸಿದರೆ ಇನ್ನೊಂದು ಹಾಸಿಗೆ. ಮೆಟ್ಟಿಲು ಎತ್ತಿದರೆ ಚಪ್ಪಲಿ ಗೂಡು. ಕುಡಿಯುವ ನೀರಿಗೆ, ತೊಳೆದ ನೀರಿಗೆ, ಗ್ಯಾಸ್ ಸಿಲಿಂಡರಿಗೆ, ಬ್ಯಾಟರಿಗೆ, ಎಲ್ಲಕ್ಕೂ ಅದರದರದೇ ಜಾಗ. ಇಷ್ಟು ಜಾಣತನ ತೋರಿಸಿದವರು ಒಂದು ಪ್ರಶ್ನೆಯನ್ನು ಮಾತ್ರ ಕೊಂಡವನ ಪಾಲಿಗೇ ಬಿಟ್ಟಿರುತ್ತಾರೆ: ಜನರೇಟರನ್ನು ಎಲ್ಲಿಡುವುದು?

ದೊಡ್ಡ, ದುಬಾರಿ ಕ್ಯಾಂಪರುಗಳಿಗೆ ಈ ಚಿಂತೆಯಿಲ್ಲ. ಅವುಗಳ ಹೊಟ್ಟೆಯಲ್ಲೇ ಓನಾನ್ ಕಂಪನಿಯ 2500 ವ್ಯಾಟಿನ ಜನರೇಟರ್ ಕೂತಿರುತ್ತದೆ. ಒಲೆಗೆ ಹೋಗುವ ಪ್ರೊಪೇನ್ ಗ್ಯಾಸನ್ನೇ ಅದೂ ಕುಡಿಯುತ್ತದೆ, ಗುಂಡಿ ಒತ್ತಿದರೆ ಏಳುತ್ತದೆ. ಮಿಕ್ಕವರಿಗೆ ಇರುವುದು ಕೈಯಲ್ಲಿ ಹಿಡಿದು ಸಾಗಿಸುವ, ಸೂಟ್‌ಕೇಸ್ ಆಕಾರದ ಪೆಟ್ರೋಲ್ ಜನರೇಟರ್. ಅದರಲ್ಲಿ ಬಹಳ ಮಂದಿ ಹೊತ್ತು ತಿರುಗುವುದು ಹೋಂಡಾ ಇಯು 2200 ಐ. 2018ರಲ್ಲಿ ಇದು ಬರುವುದಕ್ಕೆ ಮೊದಲು ಇದರ ಅಣ್ಣ ಇಯು 2000 ಐ ಇತ್ತು. ಖಾಲಿ ಟ್ಯಾಂಕಿನ ತೂಕ ಸುಮಾರು 21 ಕಿಲೋ, ಹಿಡಿಸುವ ಪೆಟ್ರೋಲು 3.6 ಲೀಟರ್. ಹೆಸರಿನಲ್ಲಿ 2200 ವ್ಯಾಟ್ ಇದ್ದರೂ ಅಷ್ಟನ್ನು ಕೊಡುವುದು ಸ್ವಲ್ಪ ಹೊತ್ತು ಮಾತ್ರ. ಬಿಡದೆ ಕೊಡುವುದು 1800.

ಇವುಗಳ ಜಾಣ್ಮೆ ಇರುವುದು ಒಳಗಿನ ಇನ್ವರ್ಟರಿನಲ್ಲಿ. ಹಳೆಯ ಕಾಲದ ಜನರೇಟರ್ ಒಂದೇ ಒಂದು ಬಲ್ಬು ಉರಿಸಬೇಕಾದರೂ ನಿಮಿಷಕ್ಕೆ 3600 ಸುತ್ತು ಸುತ್ತಲೇಬೇಕು, ಇಲ್ಲದಿದ್ದರೆ ಅಮೆರಿಕದ ಕರೆಂಟಿಗೆ ಬೇಕಾದ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಅಲೆ, ಬರುವುದಿಲ್ಲ. ಹೊಸದು ಹಾಗಲ್ಲ. ಹುಟ್ಟಿದ ಕರೆಂಟನ್ನು ಮೊದಲು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ಮಾಡಿ, ಆಮೇಲೆ ಎಲೆಕ್ಟ್ರಾನಿಕ್ಸ್ ನೆರವಿನಿಂದ ಮನೆಯ ಕರೆಂಟಿನಂಥ ಅಚ್ಚುಕಟ್ಟಾದ ಅಲೆಯಾಗಿ ತಿರುಗಿ ಕಟ್ಟುವುದರಿಂದ ಎಂಜಿನ್ನಿಗೆ ವೇಗದ ಹಂಗಿಲ್ಲ. ಕೆಲಸ ಕಡಿಮೆಯಿದ್ದರೆ ಮೆಲ್ಲಗೆ ಗುನುಗುತ್ತದೆ, ಹೆಚ್ಚಾದರೆ ದನಿ ಏರಿಸುತ್ತದೆ. ಕಾಲು ಭಾಗದ ಹೊರೆಯಲ್ಲಿ ಒಂದು ಟ್ಯಾಂಕಿಗೆ ಎಂಟು ಗಂಟೆ ಓಡುವುದೂ ಇದರಿಂದಲೇ. ಯಂತ್ರದ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಅದನ್ನು ಕೂರಿಸುವುದರಲ್ಲಿ. ಮದುವೆಮನೆಗೆ ಬಂದ ಮುನಿಸಿನ ಬೀಗರ ಹಾಗೆ ಎಲ್ಲಿ ಕೂರಿಸಿದರೂ ಇದರದೊಂದು ಕೊಂಕು ಇದ್ದೇ ಇರುತ್ತದೆ.

ಕ್ಯಾಂಪರಿನ ಒಳಗೇ ನೆಲದ ಮೇಲಿಟ್ಟರೆ ಪೆಟ್ರೋಲಿನ ವಾಸನೆ ಹೊದಿಕೆಗೆ, ದಿಂಬಿಗೆ, ಬ್ರೆಡ್ಡಿಗೆ ಹತ್ತುತ್ತದೆ. ವಾಸನೆಯನ್ನಾದರೂ ಸಹಿಸಬಹುದು, ಬಹಳ ಕ್ಯಾಂಪರುಗಳ ಫ್ರಿಜ್ಜು ನಡೆಯುವುದು ಗ್ಯಾಸಿನ ಸಣ್ಣ ಉರಿಯಿಂದ. ಮುಚ್ಚಿದ ಕೋಣೆಯಲ್ಲಿ ಪೆಟ್ರೋಲ್ ಆವಿಯನ್ನೂ ಉರಿಯನ್ನೂ ಒಟ್ಟಿಗೆ ಮಲಗಿಸುವುದು ಯಾರಿಗೂ ಬೇಡದ ಸಂಬಂಧ. ಡ್ರೈವರ್ ಹಿಂದಿನ ಸೀಟಿನಲ್ಲಿ ಇಡುವವರಿದ್ದಾರೆ. ಅಲ್ಲಿ ಕಳ್ಳರ ಭಯವಿಲ್ಲ, ಮಳೆಯ ಭಯವಿಲ್ಲ. ಆದರೆ ಎತ್ತರದ ಟ್ರಕ್ಕಿನ ಸೀಟಿನಿಂದ 21 ಕಿಲೋ ಭಾರವನ್ನು ಬಾಗಿಲ ಸಂದಿಯಲ್ಲಿ ತಿರುಚಿಕೊಂಡು ಇಳಿಸುವಾಗ ಸೊಂಟ ಹಿಡಿದುಕೊಂಡರೆ ಮುಂದಿನ ಪ್ರವಾಸವೆಲ್ಲ ಮೇಲಿನ ಹಾಸಿಗೆಯಲ್ಲೇ. ಕಿಟಕಿಯ ಗಾಜು ಇಳಿಸಿಕೊಂಡು ಓಡಿಸಬೇಕಾದದ್ದು ಬೇರೆ.

ಹಾಗಾದರೆ ಹಿಂದೆ, ಬಂಪರಿನ ಕೆಳಗೆ ಟ್ರೇಲರ್ ಎಳೆಯಲೆಂದು ಇರುವ ಕೊಂಡಿಗೆ, ಅಂದರೆ ಹಿಚ್ಚಿಗೆ, ಒಂದು ತಟ್ಟೆ ಸಿಕ್ಕಿಸಿ ಅದರ ಮೇಲಿಡೋಣ ಎಂದುಕೊಳ್ಳಿ. ಟ್ರಕ್ಕಿನ ತುದಿಯನ್ನೂ ದಾಟಿ ಕ್ಯಾಂಪರಿನ ಹಿಂಭಾಗ ಚಾಚಿಕೊಂಡಿರುತ್ತದೆ; ಅದನ್ನು ಮೀರಿ ಹೊರಗೆ ಬರಲು ಹಿಚ್ಚಿಗೆ ಉದ್ದನೆಯ ಜೋಡಣೆ ಬೇಕು. ಉದ್ದ ಮಾಡಿದಷ್ಟೂ ಅದು ತಾಳುವ ಭಾರ ಕಡಿಮೆ, ಮತ್ತು ಹಿಂದಿನ ಗಾಲಿಗಳಾಚೆ ತೂಗುವ ಪ್ರತಿಯೊಂದು ಕಿಲೋವೂ ಮೀಟುಗೋಲಿನಂತೆ ಟ್ರಕ್ಕಿನ ಮೂತಿಯನ್ನು ಮೇಲಕ್ಕೆತ್ತುತ್ತದೆ. ಕ್ಯಾಂಪರಿನ ಭಾರಕೇಂದ್ರ ಹಿಂದಿನ ಆಕ್ಸಲ್ಲಿಗಿಂತ ಮುಂದೆ ಬೀಳಬೇಕೆಂದು ಎಲ್ಲರೂ ಬಡಕೊಳ್ಳುವುದು ಸುಮ್ಮನೆ ಅಲ್ಲ. ಸ್ಟಿಯರಿಂಗು ಹಗುರಾದ ಟ್ರಕ್ಕನ್ನು ಘಾಟಿಯಲ್ಲಿ ಇಳಿಸಿದವರಿಗೆ ಅದು ಗೊತ್ತು. ಜೊತೆಗೆ ಮಣ್ಣುದಾರಿಯ ಧೂಳೆಲ್ಲ ಹಿಂದೆಯೇ ಸುತ್ತಿ ಏರ್ ಫಿಲ್ಟರಿಗೆ ತುಂಬುತ್ತದೆ. ಪೆಟ್ರೋಲ್ ಬಂಕಿನಲ್ಲಿ ಹಣ ಕೊಟ್ಟು ಬರುವಷ್ಟರಲ್ಲಿ ತಟ್ಟೆ ಖಾಲಿಯಾಗದಿರಲು ಬೆರಳು ಗಾತ್ರದ ಸರಪಳಿ, ಬೀಗ. ಆ ಸರಪಳಿಯ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮುಂದಿನ ಬಂಪರಿಗೆ ಕಟ್ಟುವ ಪಂಥವೂ ಒಂದಿದೆ. ತೂಕದ ಲೆಕ್ಕದಲ್ಲಿ ಇವರದೇ ಸರಿ: ಮುಂದಿನ ಗಾಲಿಗಳ ಮೇಲೆ ಭಾರ ಬೀಳುತ್ತದೆ, ಮೂತಿ ನೆಲದಲ್ಲೇ ಇರುತ್ತದೆ. ಆದರೆ ರೇಡಿಯೇಟರಿಗೆ ಗಾಳಿ ಹೋಗುವ ದಾರಿಗೆ ಅಡ್ಡ ಕೂರಿಸಿ, ಎದುರಿಗೆ ಏರು, ಹೊರಗೆ ಬಿಸಿಲು ಅಂದರೆ ಎಂಜಿನ್ನಿನ ಉಷ್ಣದ ಮುಳ್ಳಿನ ಮೇಲೆಯೇ ಕಣ್ಣು. ಚಾವಣಿಯ ಮೇಲೆ ಕಟ್ಟುವವರನ್ನೂ ನೋಡಿದ್ದೇನೆ. ಹಿಂದಿನ ಏಣಿ ಹತ್ತುವಾಗ ಒಂದು ಕೈ ಏಣಿಗೆ ಬೇಕು, ಇನ್ನೊಂದೇ ಕೈ ಜನರೇಟರಿಗೆ. ಅವರ ಬಗ್ಗೆ ನನಗೆ ಗೌರವವಿದೆ, ಅನುಕರಿಸುವ ಆಸೆಯಿಲ್ಲ.

ತೂಕದ ಮಾತು ಬಂತಲ್ಲ. ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೊಂದು ಚೀಟಿ ಅಂಟಿಸಿರುತ್ತಾರೆ, ಈ ಟ್ರಕ್ಕು ಒಟ್ಟು ಇಷ್ಟು ಹೊರಬಹುದು ಎಂದು. ನೀರು ತುಂಬಿದ ಕ್ಯಾಂಪರನ್ನೂ ಮನೆಮಂದಿಯನ್ನೂ ಕೂರಿಸಿದ ಮೇಲೆ ಆ ಅಂಕಿಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಅಲ್ಲಿಗೆ ಜನರೇಟರ್ ಒಬ್ಬನೇ ಬರುವುದಿಲ್ಲ, ಸಂಸಾರ ಸಮೇತ ಬರುತ್ತಾನೆ: ಪೆಟ್ರೋಲ್ ಕ್ಯಾನು (20 ಲೀಟರಿಗೆ ಸುಮಾರು 15 ಕಿಲೋ), ಕೊಳವೆ, ಆಯಿಲ್ ಡಬ್ಬಿ, ಉದ್ದ ವೈರು, ಸ್ಪಾರ್ಕ್ ಪ್ಲಗ್ಗಿನ ಪಾನ, ಮೇಲೆ ಹೇಳಿದ ಸರಪಳಿ. ಟ್ರಕ್ಕೇ ಡೀಸೆಲ್ಲಿನದಾದರೆ ಇನ್ನೂ ಚೆಂದ, ಇವನೊಬ್ಬನಿಗಾಗಿ ಬೇರೆ ಎಣ್ಣೆ ಹೊರಬೇಕು.

ಇಷ್ಟು ಪಾಡುಪಟ್ಟು ಒಯ್ದದ್ದು ಯಾವುದಕ್ಕೆ ಎಂದು ನೋಡಿದರೆ ನಗು ಬರುತ್ತದೆ. ಕ್ಯಾಂಪರಿನ ದೀಪ, ನೀರಿನ ಪಂಪು, ಹೀಟರಿನ ಫ್ಯಾನು, ಫೋನಿನ ಚಾರ್ಜು, ಎಲ್ಲ 12 ವೋಲ್ಟ್ ಬ್ಯಾಟರಿಯಲ್ಲೇ ನಡೆಯುತ್ತವೆ. ಜನರೇಟರನ್ನು ಬೇಡುವವು ಮುಖ್ಯವಾಗಿ ಎರಡು, ಏರ್ ಕಂಡೀಷನರ್ ಮತ್ತು ಮೈಕ್ರೋವೇವ್. ಮೈಕ್ರೋವೇವಿನ ಬಾಗಿಲ ಮೇಲೆ 1000 ವ್ಯಾಟ್ ಎಂದಿದ್ದರೆ ಅದು ತಿನಿಸಿಗೆ ಸೇರುವ ಶಾಖದ ಲೆಕ್ಕ. ಗೋಡೆಯಿಂದ ಅದು ಎಳೆಯುವುದು 1500ರ ಹತ್ತಿರ. ಎ.ಸಿ.ಯದು ಬೇರೆ ರೀತಿಯ ಗರ್ವ. ಓಡುವಾಗ ಸಾಧುವಾಗಿಯೇ ಇರುತ್ತದೆ, ಕಂಪ್ರೆಸರ್ ಏಳುವ ಒಂದು ಕ್ಷಣದಲ್ಲಿ ಮಾತ್ರ ಎರಡರಷ್ಟು ಕೇಳುತ್ತದೆ. ಪುಟ್ಟ ಜನರೇಟರ್ ಒಮ್ಮೆ ಹೂಂಕರಿಸಿ, ಕೆಂಪು ದೀಪ ತೋರಿಸಿ ಕರೆಂಟು ಕಡಿದುಬಿಡುತ್ತದೆ. ಇದಕ್ಕೆ ಸಾಫ್ಟ್ ಸ್ಟಾರ್ಟ್ ಎಂಬ ಸಣ್ಣ ಪೆಟ್ಟಿಗೆ ಸಿಗುತ್ತದೆ, ಕಂಪ್ರೆಸರನ್ನು ನಿಧಾನವಾಗಿ ಎಬ್ಬಿಸುತ್ತದೆ. ನನ್ನ ಮಟ್ಟಿಗೆ ಎರಡನೆಯ ಜನರೇಟರ್ ಕೊಂಡು ಜೋಡಿಸುವುದಕ್ಕಿಂತ ಈ ಪೆಟ್ಟಿಗೆಯೇ ಲೇಸು. ಇದಕ್ಕೆ ಜಾಗ ಹುಡುಕಬೇಕಿಲ್ಲ.

ಬೆಟ್ಟ ಹತ್ತಿದರೆ ಇನ್ನೊಂದು ತಮಾಷೆ. ಗಾಳಿ ತೆಳುವಾದಂತೆ ಎಂಜಿನ್ನಿನ ಶಕ್ತಿ ಪ್ರತಿ 300 ಮೀಟರಿಗೆ ನೂರಕ್ಕೆ ಸುಮಾರು 3.5 ಪಾಲು ಇಳಿಯುತ್ತದೆ. 2400 ಮೀಟರ್ ಎತ್ತರದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಾಯ. ಕಾರ್ಬುರೇಟರಿನಲ್ಲಿ ಪೆಟ್ರೋಲು ಹಾಯುವ ಸಣ್ಣ ತೂತಿನ ಜೆಟ್ ಬದಲಿಸಿದರೆ ಕಪ್ಪು ಹೊಗೆ ನಿಲ್ಲುತ್ತದೆ, ಕಳೆದ ಶಕ್ತಿ ತಿರುಗಿ ಬರುವುದಿಲ್ಲ. ಪುಣ್ಯಕ್ಕೆ ಅಷ್ಟೆತ್ತರದಲ್ಲಿ ಎ.ಸಿ. ಬೇಕಾಗುವುದು ಅಪರೂಪ. ಅದು ಬೇಕಾಗುವ ಮರುಭೂಮಿಯ ತಗ್ಗಿನಲ್ಲಿ ಯಂತ್ರಕ್ಕೆ ಉಸಿರು ಸಾಕಷ್ಟಿರುತ್ತದೆ.

ಬ್ಯಾಟರಿ ತುಂಬಿಸುವ ಕೆಲಸಕ್ಕೆ ಬಂದರೆ, ಜನರೇಟರಿನ ಮೈಮೇಲೇ 12 ವೋಲ್ಟಿನ ಕಿಂಡಿಯೊಂದಿದೆ. ಅದನ್ನು ನಂಬಬಾರದು. ಅದು ಕೊಡುವುದು 8 ಆಂಪಿಯರ್ ಚಿಲ್ಲರೆ. ಕ್ಯಾಂಪರಿನ ದಪ್ಪ ವೈರನ್ನು ಅಡಾಪ್ಟರ್ ಹಾಕಿ 120 ವೋಲ್ಟಿಗೆ ಸಿಕ್ಕಿಸಿದರೆ ಒಳಗಿನ ಚಾರ್ಜರ್ 45 ಆಂಪಿಯರಿನವರೆಗೂ ಬಡಿಸೀತು. ಹೊತ್ತು ನೋಡಿ ಓಡಿಸುವುದೂ ಮುಖ್ಯ. ಬ್ಯಾಟರಿ ಖಾಲಿಯಾಗಿ ಹಸಿದಿರುವ ಬೆಳಗಿನಲ್ಲಿ ಓಡಿಸಿದರೆ ಗಬಗಬ ನುಂಗುತ್ತದೆ. ಸೀಸದ ಬ್ಯಾಟರಿಯಾದರೆ ಕೊನೆಯ ಐದನೇ ಒಂದು ಪಾಲು ತುಂಬಲು ಗಂಟೆಗಟ್ಟಲೆ ಹಿಡಿಯುತ್ತದೆ, ಆ ಪಾಲನ್ನು ಚಾವಣಿಯ ಸೋಲಾರ್ ಹಲಗೆಗೆ ಬಿಡುವುದು ವಾಸಿ.

ಆದರೆ ಓಡಿಸುವಾಗಲಾದರೂ ಇವನಿಗೆ ಜಾಗ ಸಿಕ್ಕಿತೇ? ಇಲ್ಲ. ನಿಜವಾದ ಫಜೀತಿ ಶುರುವಾಗುವುದೇ ಇಲ್ಲಿ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಒಂದು ಜನರೇಟರ್ ನೂರಾರು ಕಾರುಗಳಷ್ಟು ಈ ಅನಿಲವನ್ನು ಉಗುಳಬಲ್ಲದು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಎಚ್ಚರಿಸುತ್ತಲೇ ಇದೆ. ಈಗಿನ ಮಾದರಿಗಳಲ್ಲಿ ಅನಿಲ ಹೆಚ್ಚಾದರೆ ತಾನೇ ನಿಲ್ಲುವ ಸೆನ್ಸರ್ ಇರುತ್ತದೆ, ಆದರೂ ಕಿಟಕಿ ಬಾಗಿಲಿನಿಂದ ಕನಿಷ್ಠ 6 ಮೀಟರ್ ಆಚೆ, ಗಾಳಿ ಒಯ್ಯುವ ದಿಕ್ಕಿಗೆ ಹೊಗೆ ತಿರುಗಿಸಿ ಇಡಬೇಕು. ಮಳೆ ಬಂದರೆ ಎಲ್ಲರ ಕಣ್ಣೂ ಹೋಗುವುದು ಮುಂದಕ್ಕೆ ಚಾಚಿಕೊಂಡ ಹಾಸಿಗೆಯ ಕೆಳಗಿನ ಆ ಮರೆಯ ಕಡೆಗೆ. ಅಲ್ಲಿಟ್ಟರೆ ಯಂತ್ರ ನೆನೆಯುವುದಿಲ್ಲ, ಸರಿ. ನೆತ್ತಿಯ ಮೇಲೆ ಮಲಗಿದವರು ಬೆಳಿಗ್ಗೆ ಏಳಬೇಕಲ್ಲ.

ಕ್ಯಾಂಪ್‌ಗ್ರೌಂಡಿನಲ್ಲಿ ನನ್ನ ಕಿಟಕಿಯಿಂದ 6 ಮೀಟರ್ ಆಚೆ ಎಂದರೆ ಪಕ್ಕದವನ ಕಿಟಕಿಗೆ ಅಷ್ಟು ಹತ್ತಿರ. ಉದ್ದನೆಯ ವೈರು ಇಟ್ಟುಕೊಂಡವನೇ ಇಲ್ಲಿ ಬಲ್ಲಿದ. ತನ್ನ ಕರೆಂಟು ತನಗೆ, ಸದ್ದು ಪರರಿಗೆ. ಕಂಪನಿಯ ಪುಸ್ತಕದಲ್ಲಿ 48ರಿಂದ 57 ಡೆಸಿಬೆಲ್ ಎಂದಿದೆ, ಅದನ್ನು ಅಳೆದದ್ದು 7 ಮೀಟರ್ ದೂರದಲ್ಲಿ. ರಾಷ್ಟ್ರೀಯ ಉದ್ಯಾನಗಳ ಕಾನೂನು 50 ಅಡಿ (ಸುಮಾರು 15 ಮೀಟರ್) ದೂರದಲ್ಲಿ 60 ಡೆಸಿಬೆಲ್ ಮೀರಬಾರದು ಅನ್ನುತ್ತದೆ. ಅಂಕಿಯ ಪ್ರಕಾರ ನಾವೆಲ್ಲ ಸಜ್ಜನರೇ. ಪಕ್ಕದವರು ಡೆಸಿಬೆಲ್ಲಿನಲ್ಲಿ ಕೇಳಿಸಿಕೊಳ್ಳುವುದಿಲ್ಲ. ಕಾಡಿನ ನಡುವೆ ಒಂದೇ ಶ್ರುತಿಯಲ್ಲಿ ನಾಲ್ಕು ತಾಸು ಗುಂಯ್‌ಗುಡುವುದು ಎಷ್ಟು ಸಣ್ಣ ಸದ್ದಾದರೂ ಅವರ ಪಾಲಿಗೆ ದೊಡ್ಡದೇ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದವರು ಅದಕ್ಕೇ ಹೊತ್ತು ಹಂಚಿಬಿಟ್ಟಿದ್ದಾರೆ: ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಈ ಹಂಚಿಕೆ ನನಗೆ ಬಹಳ ಹಿಡಿಸಿತು. ಬ್ಯಾಟರಿಗೆ ಎರಡು ತಾಸು ಸಾಕು, ಮತ್ತು ಬೈಯುವವರಿಗೂ ಯಾವಾಗ ಬೈಯಬೇಕೆಂಬುದು ಮೊದಲೇ ತಿಳಿದಿರುತ್ತದೆ.

ಅರಿಜೋನಾದ ಕ್ವಾರ್ಟ್ಜ್‌ಸೈಟ್ ಕಡೆ ಹೋದರೆ ಚಿತ್ರವೇ ಬೇರೆ. ಅಲ್ಲಿನ ಸರಕಾರಿ ಮರುಭೂಮಿಯಲ್ಲಿ ಚಳಿಗಾಲ ಕಳೆಯಲು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರವಾನಗಿ ಕೊಡುತ್ತಾರೆ. ಸಾಲು ಹಾಕಿದ ಗುರುತಿಲ್ಲ, ನಂಬರಿಲ್ಲ, ಬಯಲಿನಲ್ಲಿ ಬೇಕಾದಲ್ಲಿ ನಿಲ್ಲಬಹುದು. ಅಷ್ಟು ಬಯಲಿದ್ದರೂ ಜನ ತಮ್ಮವರ ಗುಂಪು ನೋಡಿಯೇ ನಿಲ್ಲುತ್ತಾರೆ. ಜನರೇಟರಿನವರು ಜನರೇಟರಿನವರ ಪಕ್ಕ, ಸೋಲಾರಿನವರು ಸೋಲಾರಿನವರ ಪಕ್ಕ. ಸೋಲಾರಿನವರ ಮುಖದಲ್ಲಿ ವ್ರತ ಹಿಡಿದವರ ಕಳೆ. ಮೂರು ದಿನ ಮೋಡ ಕವಿದರೆ ಆ ಕಳೆ ಸ್ವಲ್ಪ ಇಳಿಯುತ್ತದೆ, ನಾಲ್ಕನೆಯ ದಿನ ಅವರಲ್ಲೊಬ್ಬರು ಈ ಕಡೆ ಬಂದು ಹವಾಮಾನದ ಮಾತು ತೆಗೆಯುತ್ತಾರೆ.

ಅವರ ಪಕ್ಷವೇ ಗೆಲ್ಲುವ ಲಕ್ಷಣ ಕಾಣುತ್ತಿದೆ. ಲಿಥಿಯಂ ಬ್ಯಾಟರಿಯ ಪೆಟ್ಟಿಗೆಗಳು ಬಂದಿವೆ. ಅವಕ್ಕೆ ವಾಸನೆಯಿಲ್ಲ, ಹೊಗೆಯಿಲ್ಲ, ಮೇಜಿನ ಕೆಳಗೆ ಸುಮ್ಮನೆ ಕೂರುತ್ತವೆ. ಕ್ಯಾಲಿಫೋರ್ನಿಯಾದಲ್ಲಂತೂ 2028ರಿಂದ ಹೊಸದಾಗಿ ಮಾರುವ ಪೋರ್ಟಬಲ್ ಜನರೇಟರುಗಳು ಹೊಗೆಯನ್ನೇ ಉಗುಳಬಾರದೆಂದು ನಿಯಮ ಮಾಡಿದ್ದಾರೆ. ಇದ್ದವರು ಇದ್ದದ್ದನ್ನು ಓಡಿಸಿಕೊಳ್ಳಬಹುದು. ತಂಪಾದರೂ ಬಿಸಿಲು ಬೀಳುವ ನಾಡುಗಳಲ್ಲಿ ತಿರುಗುವವರಿಗೆ ಜನರೇಟರ್ ಬೇಡವೆಂದೇ ನಾನೂ ಹೇಳುತ್ತೇನೆ. ಮರುಭೂಮಿಯ ಬೇಸಗೆಯಲ್ಲಿ ರಾತ್ರಿಯಿಡೀ ಎ.ಸಿ. ಬೇಕೆನ್ನುವವರ ಮಾತು ಬೇರೆ, ಅಷ್ಟು ಬ್ಯಾಟರಿ ಹೊರಲು ಹೋದರೆ ಬಾಗಿಲ ಚೀಟಿಯ ಅಂಕಿ ಅಡ್ಡ ಬರುತ್ತದೆ.

ಮನೆಗೆ ತಂದ ಮೇಲೂ ಜಾಗದ ಪ್ರಶ್ನೆ ಮುಗಿಯುವುದಿಲ್ಲ. ಅಮೆರಿಕದ ಪೆಟ್ರೋಲಿನಲ್ಲಿ ನೂರಕ್ಕೆ 10ರಷ್ಟು ಎಥನಾಲ್ ಬೆರೆತಿರುತ್ತದೆ, ಗಾಳಿಯ ತೇವ ಹೀರುತ್ತದೆ. ಕೆಲವು ತಿಂಗಳು ಹಾಗೇ ನಿಂತರೆ ಕಾರ್ಬುರೇಟರಿನ ಕೂದಲೆಳೆಯಂಥ ರಂಧ್ರಗಳಲ್ಲಿ ಅಂಟು ಕಟ್ಟಿಕೊಳ್ಳುತ್ತದೆ. ಇದರ ಮದ್ದಿನಲ್ಲಿ ಎರಡು ಮತ. ಹನಿಯೂ ಉಳಿಯದಂತೆ ಓಡಿಸಿ ಒಣಗಿಸಿಡಿ ಅನ್ನುವವರು ಒಂದು ಕಡೆ. ತಿಂಗಳಿಗೊಮ್ಮೆ ಎಬ್ಬಿಸಿ ಓಡಿಸಿ ಅನ್ನುವವರು ಇನ್ನೊಂದು ಕಡೆ. ಅವರಲ್ಲೂ ಬರಿದೇ ಓಡಿಸಿದರೆ ಸಾಲದು, ಅರ್ಧದಷ್ಟಾದರೂ ಹೊರೆ ಕೊಡಬೇಕು ಎಂಬ ಕಟ್ಟುನಿಟ್ಟಿನವರಿದ್ದಾರೆ. ನಾನು ಈ ಕಟ್ಟುನಿಟ್ಟಿನ ಪಂಗಡ. ಕೈಗೆ ಸುಲಭವಾಗಿ ಸಿಗುವ ಹೊರೆಯೆಂದರೆ ಕೋಣೆ ಬೆಚ್ಚಗಿಡುವ ಹೀಟರ್. ಅದನ್ನು ಜುಲೈ ತಿಂಗಳ ಉರಿಬಿಸಿಲಿನಲ್ಲಿ ಅಂಗಳದ ನಡುವೆ ಕುರ್ಚಿಯ ಮೇಲಿಟ್ಟು, ಆಚೆ ಜನರೇಟರ್ ಗುಂಯ್‌ಗುಡಿಸಿಕೊಂಡು ನಿಂತಾಗ ಬೇಲಿಯ ಆ ಕಡೆಯಿಂದ ಪಕ್ಕದ ಮನೆಯವರು ಕೇಳಿದರು: “ನಿಮ್ಮಲ್ಲಿ ಕರೆಂಟ್ ಹೋಗಿದೆಯಾ?”

“ಇಲ್ಲ, ಇದೆ.”

ಅವರು ಹೀಟರನ್ನೊಮ್ಮೆ, ಸೂರ್ಯನನ್ನೊಮ್ಮೆ ನೋಡಿ, ಇನ್ನೇನೂ ಕೇಳದೆ ಒಳಗೆ ಹೋದರು.