ಮೊದಲೇ ಹಚ್ಚಿಟ್ಟರೆ ಟೋಸ್ಟ್ ಉಳಿಯಲ್ಲ
ನಿಮ್ಮ ಸಿಗಡಿ ಟೋಸ್ಟ್ ರೆಸಿಪಿಯಲ್ಲಿ ಪಾರ್ಟಿಗೆ ಎರಡು ಗಂಟೆ ಮೊದಲೇ ಸಿಗಡಿ ಮಿಶ್ರಣವನ್ನು ಟೋಸ್ಟ್ ಮೇಲೆ ಹಚ್ಚಿ ಫ್ರಿಜ್‌ನಲ್ಲಿಡಿ ಅಂದಿದ್ದೀರಿ, ಅದೊಂದನ್ನು ಒಪ್ಪಲಾರೆ. ಅಷ್ಟು ಹೊತ್ತಿಗೆ ಬ್ರೆಡ್ ನೀರು ಕುಡಿದು, ಕಚ್ಚಿದರೆ ಕಟುಂ ಅನ್ನುವ ಬದಲು ತೊಗಲಿನ ಹಾಗೆ ಎಳೆದುಕೊಂಡು ಬರುತ್ತೆ. ಬ್ರೆಡ್ಡನ್ನು ಒಂದು ಸೆಂ.ಮೀ. ದಪ್ಪಕ್ಕೆ ಕೊಯ್ದು, ಎಣ್ಣೆ ಸವರಿ, ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷ ಇಟ್ಟು, ಜಾಲರಿ ಮೇಲೆ ಆರಿಸಿ. ತಟ್ಟೆಯಲ್ಲಿಟ್ಟರೆ ತಳ ಬೆವರುತ್ತೆ. ಅಸಲಿ ತಕರಾರು ಸಿಗಡಿಯದು. ಬೆಂದದ್ದನ್ನು (ಕೊಕ್ಕೆಯಂತೆ ಬಾಗಿದ ಕೂಡಲೇ ಇಳಿಸಿ, ಸುರುಳಿ ಸುತ್ತಿದರೆ ರಬ್ಬರೇ!) ಬಟ್ಟೆಯಲ್ಲಿ ಒತ್ತಿ ಒಣಗಿಸದಿದ್ದರೆ ಬಟ್ಟಲಂಚಿನಲ್ಲಿ ನೀರು ನಿಲ್ಲುತ್ತೆ. 200 ಗ್ರಾಂ ಸಿಗಡಿಗೆ 100 ಗ್ರಾಂ ಕ್ರೀಮ್ ಚೀಸ್ ಸಾಕು, ಉಪ್ಪು ನಿಂಬೆರಸ ಕೊನೆಗೆ. ಮಿಶ್ರಣ ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಡಿ, ಪರವಾಗಿಲ್ಲ. ಹಚ್ಚುವುದು ಮಾತ್ರ ಬಡಿಸುವ ಹದಿನೈದು ನಿಮಿಷ ಮೊದಲು.